ಕಾಬೂಲ್ ಕಡಲೆ ಕಟ್ಟಿನಲ್ಲಿ ಕ್ರಿಸ್‌ಮಸ್ ಬ್ರೌನಿ

ಮೊಟ್ಟೆ ಹಾಕದ ಬ್ರೌನಿಗೆ ಮೇಲೆ ಆ ತೆಳ್ಳಗಿನ, ಹೊಳೆಯುವ, ಬಿರುಕು ಬಿಟ್ಟ ಪದರ ಬರೋದೇ ಇಲ್ಲ ಅಂತ ನನಗೆ ಹೇಳದವರಿಲ್ಲ. ಬೇಕಿಂಗ್ ಕಲಿಸಿದವರು ಹೇಳಿದರು, ನಾದಿನಿ ಹೇಳಿದಳು. ಕೆಳಗಿನ ಮನೆ ಆಂಟಿಯಂತೂ ಮೆಟ್ಟಿಲ ಮೇಲೆ ಸಿಕ್ಕಾಗಲೆಲ್ಲ ಹೇಳಿದರು. ಹೋದ ಡಿಸೆಂಬರಿನಲ್ಲಿ ಮೊಟ್ಟೆಯಿಲ್ಲದ ಬ್ರೌನಿಯನ್ನೇ ಮನೆಯಲ್ಲಿ ಮಾಡಿ 63 ಡಬ್ಬಿ ಮಾರಿದೆ. ಎಲ್ಲದರ ಮೇಲೂ ಪದರ ಬಂದಿತ್ತು. ಸರಿ, ಎರಡನ್ನು ಬಿಟ್ಟು. ಅದರ ಕಥೆ ಮುಂದೆ ಹೇಳುತ್ತೇನೆ.

ನಮ್ಮದು ಬೆಂಗಳೂರಿನ ತ್ಯಾಗರಾಜನಗರ. ಮನೆಯೊಳಗೆ ಮೊಟ್ಟೆ ತರೋ ಹಾಗಿಲ್ಲ, ಆ ವಿಷಯದಲ್ಲಿ ಅತ್ತೆಯ ಹತ್ತಿರ ಮಾತೇ ಇಲ್ಲ. ಹಾಗಾಗಿ ಮೊದಲೆರಡು ವರ್ಷ ಎಲ್ಲರ ಹಾಗೆ ಮೊಸರು, ಅಗಸೆ ಬೀಜ, ಕಂಡೆನ್ಸ್ಡ್ ಮಿಲ್ಕ್ ಅಂತ ಸುತ್ತಿದೆ. ಮೊಸರು ಹಾಕಿದರೆ ಬ್ರೌನಿ ಹೋಗಿ ಕೇಕ್ ಆಗುತ್ತೆ. ಅಗಸೆ ಹಾಕಿದರೆ ಬಾಯಲ್ಲಿ ಹುಲ್ಲಿನ ರುಚಿ. ಕಂಡೆನ್ಸ್ಡ್ ಮಿಲ್ಕ್ ಹಾಕಿದ್ದನ್ನು ತಿಂದು ನಮ್ಮನೆಯವರು, "ಚಾಕೊಲೇಟ್ ಬರ್ಫಿ ಚೆನ್ನಾಗಿದೆ ಕಣೇ" ಅಂದರು. ಪಾಪ, ಹೊಗಳೋಕೇ ಹೇಳಿದ್ದು.

2022ರಲ್ಲಿ ಆ ಬರ್ಫಿಯನ್ನೇ 22 ಡಬ್ಬಿ ಮಾರಿದೆ, ಡಬ್ಬಿಗೆ 250 ರೂಪಾಯಿ. ಸಾಮಾನಿನ ಲೆಕ್ಕ ಹಾಕಿದ್ದೆ. ರಟ್ಟಿನ ಡಬ್ಬಿ, ರಿಬ್ಬನ್, ಆಟೋದವರಿಗೆ ಕೊಟ್ಟಿದ್ದು ಲೆಕ್ಕಕ್ಕೇ ಬಂದಿರಲಿಲ್ಲ. ಕೊನೆಗೆ ಕೂಡಿ ಕಳೆದರೆ ಕೈಯಿಂದಲೇ ಒಂಬೈನೂರು ಚಿಲ್ಲರೆ ಹೋಗಿತ್ತು.

ಮರುವರ್ಷ ಗೊಂಬೆ ಹಬ್ಬ. ನಮ್ಮಲ್ಲಿ ದಿನಕ್ಕೊಂದು ಉಸಲಿ. ಕಾಬೂಲ್ ಕಡಲೆ ಉಸಲಿಯ ದಿನ ಬಸಿದ ಕಟ್ಟನ್ನು ಸಾರಿಗೆ ಅಂತ ಎತ್ತಿಟ್ಟು ಮರೆತೆ. ರಾತ್ರಿ ಪಾತ್ರೆ ತೊಳೆಯೋಕೆ ಹೋದರೆ ಅದು ಲೋಳೆಯಾಗಿ ಕೂತಿದೆ. ಚಮಚ ಎತ್ತಿದರೆ ಎಳೆ ಬರುತ್ತೆ. ಥೇಟ್ ಮೊಟ್ಟೆಯ ಬಿಳಿ. (ಹಾಸ್ಟೆಲಿನಲ್ಲಿದ್ದಾಗ ನೋಡಿದ್ದೆ. ಅತ್ತೆಗೆ ಹೇಳಬೇಡಿ.)

ಹುಡುಕಿ ನೋಡಿದರೆ ಇದನ್ನು ನನಗಿಂತ ಮುಂಚೆಯೇ ಜನ ಕಂಡುಕೊಂಡಿದ್ದರು. 2014ರಲ್ಲಿ ಫ್ರಾನ್ಸಿನ ಝೋಯೆಲ್ ರೋಸೆಲ್ ಎಂಬ ಗಾಯಕ ಕಾಳಿನ ನೀರನ್ನು ಕಡೆದರೆ ನೊರೆ ನಿಲ್ಲುತ್ತೆ ಅಂತ ತೋರಿಸಿದ್ದರಂತೆ. ಮರುವರ್ಷ ಅಮೆರಿಕದ ಗೂಸ್ ವೋಲ್ಟ್ ಅದಕ್ಕೆ ಅಕ್ವಾಫಾಬಾ ಅಂತ ಹೆಸರಿಟ್ಟರು. ಅಂದರೆ ಕಾಳಿನ ನೀರು. ನಾವು ಅಜ್ಜಿ ಕಾಲದಿಂದ ಕಟ್ಟು ಅಂತ ಕರೆದು ಸಾರು ಮಾಡಿಕೊಂಡಿದ್ದೆವು, ಅಷ್ಟೇ.

"ಕಟ್ಟಿನಲ್ಲಿ ಬ್ರೌನಿನಾ? ಒಗ್ಗರಣೆನೂ ಹಾಕ್ತೀಯಾ?" ಅಂದರು ಆಂಟಿ.

ಮೊದಲ ಸಲ ಅವರ ಮಾತೇ ನಿಜವಾಯಿತು. ಕಡಲೆ ಬೇಯಿಸುವಾಗ ಅತ್ತೆ ಅಭ್ಯಾಸಬಲದಿಂದ ಉಪ್ಪು, ಚಿಟಿಕೆ ಅರಿಶಿನ ಹಾಕಿಬಿಟ್ಟಿದ್ದರು. ಬ್ರೌನಿ ಉಪ್ಪುಪ್ಪು. ಎರಡನೇ ಸಲ ಕಟ್ಟು ನೀರಾಗಿತ್ತು. ಬೆಣ್ಣೆಯೆಲ್ಲ ಅಂಚಿಗೆ ಬಂದು ಕುದಿಯಿತು, ನಡುವೆ ಹಳ್ಳ ಬಿತ್ತು. ಮೂರನೇ ಸಲ ಜಾಸ್ತಿ ಹುಷಾರಾಗಿ ನೊರೆ ಗಟ್ಟಿಯಾಗಿ ನಿಲ್ಲುವಷ್ಟು ಕಡೆದೆ. ಪದರವೇನೋ ಬಂತು, ಆದರೆ ಪೂರಿ ಹಾಗೆ ಉಬ್ಬಿ ಬೇರೆಯಾಯಿತು. ಚಾಕು ಇಟ್ಟ ಕೂಡಲೇ ಪುಡಿ ಪುಡಿ. ನಾಲ್ಕನೇ ಸಲ ಫ್ರಿಜ್ಜಿನಿಂದ ತೆಗೆದ ಕಟ್ಟನ್ನು ಹಾಗೇ ಕಡೆದು ಕರಗಿಸಿದ ಚಾಕೊಲೇಟಿಗೆ ಸೇರಿಸಿದೆ. ಡಿಸೆಂಬರಿನ ಬೆಂಗಳೂರು, ಬೆಳಗಿನ ಆರು ಗಂಟೆ, ಬೆಣ್ಣೆಯೇ ಕಲ್ಲಾಗಿರುತ್ತೆ. ಎಲ್ಲ ಗಂಟು ಗಂಟು. ಹೀಗೆ ನನಗೆ ನೆನಪಿರುವ ಮಟ್ಟಿಗೆ ಹನ್ನೊಂದು ತಟ್ಟೆ ಹಾಳಾದವು, ಮೂರು ಸಾವಿರದ ಹತ್ತಿರ ಹತ್ತಿರ ಖರ್ಚು. ತಿನ್ನೋ ಹಾಗಿದ್ದನ್ನು ಮಗನ ಸ್ನೇಹಿತರು ಮುಗಿಸಿದರು. ಆ ವಯಸ್ಸಿಗೆ ಪದರ ಗಿದರ ಯಾರಿಗೆ ಬೇಕು?

ಈಗ ಮಾಡೋದು ಹೀಗೆ. ಒಂದು ಲೋಟ ಕಾಬೂಲ್ ಕಡಲೆ ರಾತ್ರಿ ನೆನೆಹಾಕಿ, ಆ ನೀರು ಚೆಲ್ಲಿ, ಹೊಸ ನೀರು ಕಾಳಿನ ಮೇಲೆ ಒಂದು ಬೆರಳು ನಿಲ್ಲುವಷ್ಟು. ಉಪ್ಪು ಬೇಡವೇ ಬೇಡ. ಆರೇಳು ಸೀಟಿ. ಆಮೇಲೆ ಕಾಳನ್ನು ಆ ನೀರಿನಲ್ಲೇ ಒಂದು ರಾತ್ರಿ ಫ್ರಿಜ್ಜಿನಲ್ಲಿ ಬಿಡಬೇಕು, ಗುಟ್ಟು ಅರ್ಧ ಅಲ್ಲೇ ಇದೆ. ಬಸಿದ ಮೇಲೂ ತೆಳು ಅನ್ನಿಸಿದರೆ ಸಣ್ಣ ಉರಿಯಲ್ಲಿ ಬತ್ತಿಸಿ. ಎಂಟಿಂಚಿನ ತಟ್ಟೆಗೆ 120 ಎಂಎಲ್ ಸಾಕು. ಮೂರು ದೊಡ್ಡ ಚಮಚಕ್ಕೆ ಒಂದು ಮೊಟ್ಟೆ ಅನ್ನೋ ಲೆಕ್ಕದಲ್ಲಿ ಇದು ಮೂರು ಮೊಟ್ಟೆಗಿಂತ ಸ್ವಲ್ಪ ಕಮ್ಮಿಯೇ. ಮೂರು ಮೊಟ್ಟೆಯಷ್ಟು ಹಾಕಿದರೆ ನನಗೆ ಹಸಿಹಸಿ ಉಳಿಯುತ್ತೆ.

ಸಕ್ಕರೆ 200 ಗ್ರಾಂ. ನಮ್ಮ ಸಕ್ಕರೆ ಹರಳು ದಪ್ಪ, ಮಿಕ್ಸಿಗೆ ಹಾಕಲೇಬೇಕು. ಅಂಗಡಿಯ ಐಸಿಂಗ್ ಶುಗರ್ ಬೇಡ, ಅದರಲ್ಲಿ ಕಾರ್ನ್‌ಫ್ಲೋರ್ ಇರುತ್ತೆ, ನನಗೆ ಪದರ ಮಂಕಾಯಿತು. ತಣ್ಣಗಿಲ್ಲದ ಕಟ್ಟಿಗೆ ಸಕ್ಕರೆ ಹಾಕಿ ಕಡೆಯಿರಿ. ದೋಸೆ ಹಿಟ್ಟಿನ ಹದಕ್ಕೆ ಬಂದಾಗ ನಿಲ್ಲಿಸಿ. ಎರಡು ಬೆರಳ ನಡುವೆ ತಿಕ್ಕಿದರೆ ಒಂದು ಹರಳೂ ಸಿಗಬಾರದು. ಸಕ್ಕರೆಯನ್ನು ಎಷ್ಟು ಕಂತಿನಲ್ಲಿ ಹಾಕುತ್ತೇನೆ, ಜೊತೆಗೆ ಒಗ್ಗರಣೆ ಡಬ್ಬಿಯ ಪಕ್ಕದಲ್ಲಿರುವ ಏನನ್ನು ಅರ್ಧ ಚಿಟಿಕೆ ಹಾಕುತ್ತೇನೆ ಅನ್ನೋದು ನನ್ನ ಹತ್ತಿರವೇ ಇರಲಿ. ಮುಂದಿನ ಡಿಸೆಂಬರಿಗೂ ನಾನು ಡಬ್ಬಿ ಮಾರಬೇಕಲ್ವಾ?

115 ಗ್ರಾಂ ಬೆಣ್ಣೆ, 150 ಗ್ರಾಂ ಡಾರ್ಕ್ ಚಾಕೊಲೇಟ್ ಕರಗಿಸಿ ಉಗುರುಬೆಚ್ಚಗೆ ಸೇರಿಸಿ. ಕೋಕೋ ಬೆಣ್ಣೆಯ ಬದಲು ಬೇರೆ ಎಣ್ಣೆ ಹಾಕಿದ ಕಾಂಪೌಂಡ್ ಚಾಕೊಲೇಟ್ ಬೇಡ, ನಾಲಿಗೆಗೆ ಜಿಡ್ಡು ಅಂಟುತ್ತೆ. ಮೈದಾ 80, ಕೋಕೋ 30 ಜರಡಿ ಹಿಡಿದು ಹಾಕಿ, ಬೆರೆತ ಕೂಡಲೇ ಕೈ ನಿಲ್ಲಿಸಿ. 170 ಡಿಗ್ರಿ, ಅರ್ಧ ಗಂಟೆ. ನನ್ನ ಹಳೆಯ ಓಟಿಜಿ (ಮನೆಬಳಕೆಯ ಕರೆಂಟ್ ಓವನ್) 170 ತೋರಿಸಿ 190ರಲ್ಲಿ ಉರಿಯುತ್ತಿತ್ತು ಅಂತ ಗೊತ್ತಾದದ್ದು 350 ರೂಪಾಯಿಯ ಥರ್ಮಾಮೀಟರ್ ಒಳಗಿಟ್ಟ ಮೇಲೆ. ಹನ್ನೊಂದು ತಟ್ಟೆಯಲ್ಲಿ ನಾಲ್ಕೈದರ ಪಾಪ ಅದಕ್ಕೇ ಸೇರಬೇಕು.

ದುಡ್ಡಿನ ಮಾತು. ನಾನು ಹದ ಕಂಡುಕೊಂಡ 2024ರಲ್ಲೇ ಘಾನಾ, ಐವರಿ ಕೋಸ್ಟ್ ಕಡೆ ಬೆಳೆ ಕೆಟ್ಟು ಕೋಕೋ ಟನ್ನಿಗೆ 10,000 ಡಾಲರ್ ದಾಟಿತು. ನನ್ನ ಹಣೆಬರಹ. ಈಗ ಒಂಬತ್ತು ತುಂಡಿನ ಡಬ್ಬಿಗೆ ಎಲ್ಲ ಸೇರಿ 290 ಬೀಳುತ್ತೆ, ಅರ್ಧದಷ್ಟು ಚಾಕೊಲೇಟಿಗೇ. 450ಕ್ಕೆ ಮಾರುತ್ತೇನೆ, ಆಟೋ ಖರ್ಚು ಕೊಳ್ಳುವವರದ್ದೇ. ಹೋದ ವರ್ಷ ಸುಮಾರು ಒಂಬತ್ತು ಸಾವಿರ ಉಳಿಯಿತು. ಅದರಲ್ಲಿ ಏಳು ಸಾವಿರ ಚಿಲ್ಲರೆ ಎರಡನೇ ಓಟಿಜಿಗೆ ಹೋಯಿತು. ಪದರ ಬರದ ಆ ಎರಡು ಡಬ್ಬಿ ಅದರ ಫಲವೇ: ಎರಡೂ ಓಟಿಜಿ ಓಡುತ್ತಿದ್ದಾಗ ಅತ್ತೆ ಗೀಸರ್ ಹಾಕಿದರು. ಲೋಡ್ ಜಾಸ್ತಿಯಾಗಿ ಕರೆಂಟ್ ಕಡಿಯುವ ಸ್ವಿಚ್, ಎಂಸಿಬಿ, ಟಪ್ ಅಂತ ಬಿತ್ತು. ಅರ್ಧ ಬೆಂದ ತಟ್ಟೆಗಳನ್ನು ಮತ್ತೆ ಬೇಯಿಸಿದರೆ ಪದರ ಎಲ್ಲಿಂದ ಬರಬೇಕು? ಅವನ್ನು ಅರ್ಧ ಬೆಲೆಗೆ ಕೊಟ್ಟೆ.

ನಡುವೆ ಕುಕೀಸ್‌ಗೂ ಕೈ ಹಾಕಿದೆ. ಬಸವನಗುಡಿ ಪರಿಷೆಯಲ್ಲಿ ಮೂರು ಸೇರು ಕಡಲೆಕಾಯಿ ತಂದಿದ್ದೆ. ಹುರಿದು, ತರಿ ಮಾಡಿ, ರಾಗಿ ಹುರಿಹಿಟ್ಟು, ಬೆಲ್ಲ, ಬೆಣ್ಣೆ, ಎರಡು ಚಮಚ ಕಟ್ಟು. ಬರೀ ರಾಗಿಯಲ್ಲಿ ಮಾಡಿದ್ದು ಬಾಯಲ್ಲಿಟ್ಟರೆ ಮರಳು. ಅರ್ಧ ಮೈದಾ ಸೇರಿಸಿದರೆ ನಿಂತಿತು. ಬರೀ ಬೆಲ್ಲ ಹಾಕಿದ್ದು ಮೂರನೇ ದಿನಕ್ಕೆ ಮೆತ್ತಗಾಯಿತು, ಅರ್ಧ ಸಕ್ಕರೆ ಹಾಕಿದ್ದು ವಾರ ಗರಿಗರಿ ಇತ್ತು. ಹಸಿಮೆಣಸಿನಕಾಯಿ, ಕರಿಬೇವು ಹಾಕಿ ಖಾರ ಬಿಸ್ಕತ್ತೂ ಮಾಡಿದೆ. ಅದರಲ್ಲಿ ಅಯ್ಯಂಗಾರ್ ಬೇಕರಿಯವರನ್ನು ಮೀರಿಸೋ ಆಸೆ ಬಿಟ್ಟಿದ್ದೇನೆ. ಅಷ್ಟು ಅಗ್ಗಕ್ಕೆ ಅವರು ಕೊಡೋದನ್ನು ನಾನು ಯಾಕೆ ಮಾಡಲಿ?

ಈ ಸಲದ ನವರಾತ್ರಿಯಲ್ಲಿ ಕೆಳಗಿನ ಮನೆ ಆಂಟಿ ತಾವೇ ಮೇಲೆ ಬಂದರು. ಕೈಯಲ್ಲಿ ಸ್ಟೀಲ್ ಡಬ್ಬಿ. "ಇವತ್ತು ನಮ್ಮಲ್ಲೂ ಕಾಬೂಲ್ ಕಡಲೆ. ಕಟ್ಟು ಚೆಲ್ಲೋಕೆ ಮನಸ್ಸು ಬರಲಿಲ್ಲ, ನಿನ್ನ ಬ್ರೌನಿಗೆ ಆಗುತ್ತೆ ಅಂತ ತಂದೆ" ಅಂದರು. ಅವರು ಹೋದ ಮೇಲೆ ಬೆರಳು ಅದ್ದಿ ನೆಕ್ಕಿದೆ. ಉಪ್ಪು. ಅವತ್ತು ರಾತ್ರಿ ನಮ್ಮಲ್ಲಿ ಕಟ್ಟಿನ ಸಾರು.