ಜಪಾನಿನ ಹೋಟೆಲಲ್ಲಿ ‘ಪ್ಲೀಸ್’ ಹುಡುಕಬೇಡಿ, ‘ಕೊಡಿ’ ಅನ್ನಿ

ಜಪಾನಿಗೆ ಹೊಸದಾಗಿ ಬಂದ ಕನ್ನಡದವರು ಊಟ ಹೇಳುವಾಗ ಎಡವುವುದು ಇಂಗ್ಲಿಷಿನಲ್ಲಿ ಯೋಚಿಸುವುದರಿಂದ. ಪ್ಲೀಸ್‌ಗೆ ಪದ ಹುಡುಕಿ ‘ದೋಜ಼ೊ’ ಅಂದುಬಿಡುತ್ತಾರೆ. ದೋಜ಼ೊ ಅಂದರೆ ‘ತಗೊಳ್ಳಿ’. ಅದು ಕೊಡುವವರ ಮಾತು. ನಮಗೆ ಬೇಕಾದ್ದು ‘ಕುದಸಯ್’, ಅಂದರೆ ‘ಕೊಡಿ’.

ವಾಕ್ಯದ ಜೋಡಣೆಯೂ ನಮ್ಮದರ ಹಾಗೇ. ಮೆನುವಿನ ಚಿತ್ರ ತೋರಿಸಿ ‘ಕೊರೆ ಒ ಫುತತ್ಸು ಕುದಸಯ್’ ಅನ್ನಿ: ‘ಇದನ್ನ ಎರಡು ಕೊಡಿ’. ಆ ‘ಒ’ ನಮ್ಮ ‘ಅನ್ನು’. ಒಂದಕ್ಕೆ ಹಿತೊತ್ಸು, ಮೂರಕ್ಕೆ ಮಿತ್ತ್ಸು, ನಾಲ್ಕಕ್ಕೆ ಯೊತ್ತ್ಸು. ಪಾಠದಲ್ಲಿ ಕಲಿತ ಇಚಿ, ನಿ, ಸನ್ (ಒಂದು, ಎರಡು, ಮೂರು) ಇಲ್ಲಿ ಬರಿದೇ ಬಳಸುವಂತಿಲ್ಲ. ‘ಒನೆಗಯ್‌ಶಿಮಸ್’ ‘ಕುದಸಯ್’ಗಿಂತ ಇನ್ನೂ ಸ್ವಲ್ಪ ಮೃದು. ‘ತಬೆತಯ್ ದೆಸ್’, ಅಂದರೆ ‘ತಿನ್ನಬೇಕು’, ವ್ಯಾಕರಣಕ್ಕೆ ಸರಿಯಾದರೂ ಮಗು ಆಸೆ ಹೇಳಿಕೊಂಡ ಹಾಗೆ ಕೇಳುತ್ತದೆ.

ಉಚ್ಚಾರಣೆಯಲ್ಲಿ ನಮಗೆ ಅನುಕೂಲವೇ ಹೆಚ್ಚು. ಹ್ರಸ್ವ, ದೀರ್ಘ, ಒತ್ತು ಮೂರೂ ಬಾಯಿಗೆ ರೂಢಿ. ಬೀರು ಅಂದರೆ ಬಿಯರು (ನಮ್ಮ ಕಪಾಟಲ್ಲ), ಬಿರು ಅಂದರೆ ಕಟ್ಟಡ. ‘ಕುಡಸಯ್’ ಎಂದು ಡಕಾರ ಮಾತ್ರ ಹಾಕಬೇಡಿ, ದಕಾರವೇ ಸರಿ.

ಬಡಿಸುವವರನ್ನು ಕರೆಯಲು ‘ಸುಮಿಮಸೆನ್’, ಕೇಳಿಸುವಷ್ಟು ಗಟ್ಟಿಯಾಗಿ. ಅದೇನು ಅಸಭ್ಯವಲ್ಲ. ಮೇಜಿನ ಮೇಲೆ ಗುಂಡಿ ಇದ್ದರೆ ಒತ್ತಿದರಾಯಿತು. ಎಷ್ಟೋ ರಾಮೆನ್ (ಸಾರಿನ ನೂಡಲ್ಸ್) ಅಂಗಡಿಗಳಲ್ಲಿ ಬಾಗಿಲ ಬಳಿಯ ಯಂತ್ರಕ್ಕೆ ದುಡ್ಡು ಹಾಕಿ ಚೀಟಿ ತೆಗೆದುಕೊಟ್ಟರೆ ಸಾಕು, ಮಾತೇ ಬೇಡ.

ಸಸ್ಯಾಹಾರಿಗಳು ಇಲ್ಲಿ ನಿಧಾನಿಸಿ. ‘ಬೆಜಿತರಿಯನ್ ದೆಸ್’ ಅಂದರೆ ಸಾಲದು. ಮಾಂಸದ ತುಂಡು ತೆಗೆದು ಮೀನಿನ ಸಾರನ್ನೇ ಕೊಟ್ಟಾರು, ಮೋಸದಿಂದಲ್ಲ. ಮಿಸೊ ಸಾರು, ಉದೊನ್ ಮತ್ತು ಸೊಬ ನೂಡಲ್ಸ್ ಎಲ್ಲಕ್ಕೂ ಬುನಾದಿಯಾದ ‘ದಶಿ’ ಎಂಬ ಸಾರು ಸಾಮಾನ್ಯವಾಗಿ ಒಣಗಿಸಿದ ಕತ್ಸುಒ ಮೀನಿನ ಹೆರಕಲಿನದು. ಹಾಗಾಗಿ ‘ನಿಕು ಮೊ ಸಕನ ಮೊ ತಬೆರರೆಮಸೆನ್’ ಅನ್ನಿ: ‘ಮಾಂಸವೂ ಮೀನೂ ತಿನ್ನೋಕಾಗಲ್ಲ’. ಆಮೇಲೆ ಸಾರಿನ ಬಗ್ಗೆ ಬೇರೆಯಾಗಿ ಕೇಳಿ: ‘ದಶಿ ನಿ ಸಕನ ಗ ಹಯಿತ್ತೆ ಇಮಸ್ ಕ?’, ಅಂದರೆ ‘ದಶಿಯಲ್ಲಿ ಮೀನು ಇದೆಯಾ?’ ಮೇಲೆ ಇಡುವ ಮೊಟ್ಟೆ ಬೇಡವಾದರೆ ‘ತಮಗೊ ನುಕಿ ದೆ ಒನೆಗಯ್‌ಶಿಮಸ್’. ದಶಿಗೆ ಈ ‘ನುಕಿ’, ಅಂದರೆ ‘ಇಲ್ಲದೆ’, ನಡೆಯುವುದಿಲ್ಲ, ಸಾರು ಮೊದಲೇ ದೊಡ್ಡ ಪಾತ್ರೆಯಲ್ಲಿ ಕುದ್ದಿರುತ್ತದೆ.

ಉತ್ತರ ‘ಚೊತ್ತೊ…’ ಎಂದು ಎಳೆದು ನಿಂತರೆ ಆಗಲ್ಲ ಅಂತಲೇ ಅರ್ಥ. ನಮ್ಮ ‘ಸ್ವಲ್ಪ ಕಷ್ಟ ಸರ್’ ಇದ್ದ ಹಾಗೆ. ಒತ್ತಾಯಿಸಬೇಡಿ.

ನೀವು ಬೇಡ ಅನ್ನುವಾಗ ‘ಈಎ’ (ಇಲ್ಲ) ಒರಟು. ‘ದಯ್‌ಜೋಬು ದೆಸ್’ ಅನ್ನಿ, ನಾವು ‘ಪರವಾಗಿಲ್ಲ’ ಅಂದು ನಿರಾಕರಿಸುವಂತೆ. ನಿಜಕ್ಕೂ ಬೇಕಿದ್ದಾಗ ಇದನ್ನೇ ಅಂದರೆ ತಟ್ಟೆ ಬರುವುದಿಲ್ಲ; ಆಗ ‘ಹಯ್, ಒನೆಗಯ್‌ಶಿಮಸ್’. ಹೇಳಿ ಮುಗಿಯಿತೆಂದರೆ ‘ಇಜೋ ದೆಸ್’.

ಬಿಲ್ಲಿಗೆ ‘ಒಕಯ್‌ಕೇ ಒನೆಗಯ್‌ಶಿಮಸ್’. ‘ಒಅಯ್ಸೊ’ ಎಂದು ಕೇಳಿಸಿಕೊಂಡಿದ್ದರೂ ಬಳಸಬೇಡಿ, ಮೂಲತಃ ಅದು ಅಂಗಡಿಯವರ ಮಾತು. ಟಿಪ್ಸ್ ಇಡುವ ಪದ್ಧತಿ ಇಲ್ಲ. ಮೇಜಿನ ಮೇಲೆ ಬಿಟ್ಟರೆ ಮರೆತಿರೆಂದು ಹಿಂದೆಯೇ ಓಡಿಬಂದು ಕೊಟ್ಟಾರು. ಹೊರಡುವಾಗ ‘ಗೊಚಿಸೋಸಮ ದೆಶಿತ’ (ಊಟಕ್ಕೆ ಧನ್ಯವಾದ) ಅನ್ನಿ, ಅಡುಗೆಮನೆಯ ಕಡೆ ಮುಖ ಮಾಡಿ.