ಹಲ್ಲು ಕೀಳಿಸಲು ಹೋಗುವಾಗ ಮಾತ್ರೆ ಚೀಟಿ ಮರೆಯಬೇಡಿ

ಕಾಸರಗೋಡು ಜಿಲ್ಲೆಯ ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆಯಿಂದ ಹಲ್ಲುನೋವೆಂದು ಬರುವ ಹಿರಿಯರಲ್ಲಿ ‘ಬೇರೆ ಕಾಯಿಲೆ ಉಂಟಾ?’ ಎಂದು ಕೇಳಿದರೆ ‘ಎಂತದ್ದೂ ಇಲ್ಲ ಡಾಕ್ಟ್ರೇ’ ಎನ್ನುತ್ತಾರೆ. ‘ದಿನಾ ಮಾತ್ರೆ ತಿನ್ನುತ್ತೀರಾ?’ ಎಂದರೆ ಮಾತ್ರ, ‘ಮಂಗಳೂರಿನ ಡಾಕ್ಟ್ರು ಕೊಟ್ಟದ್ದು ಒಂದು ಬಿಳಿ, ಒಂದು ಕೆಂಪು ಉಂಟು.’ ಹತೋಟಿಯಲ್ಲಿರುವ ಕಾಯಿಲೆ ಅವರ ಲೆಕ್ಕದಲ್ಲಿ ಕಾಯಿಲೆಯೇ ಅಲ್ಲ. ನನ್ನ ಕೆಲಸ ಶುರುವಾಗುವುದೇ ಆ ಎರಡು ಮಾತ್ರೆಗಳಿಂದ.

ಮನೆಯಿಂದ ಹೊರಡುವ ಮೊದಲು

ಹೃದಯದ ಡಾಕ್ಟ್ರು ಕೇರಳ-ಕರ್ನಾಟಕ ಗಡಿಯ ತಲಪಾಡಿಯ ಆಚೆ, ಹಲ್ಲಿನ ಡಾಕ್ಟ್ರು ಈಚೆ. ಇಬ್ಬರ ನಡುವೆ ಇರುವ ಸಂಪರ್ಕ ನಿಮ್ಮ ಚೀಲದಲ್ಲಿರುವ ಚೀಟಿ ಮಾತ್ರ. ಅದು ಸಿಗದಿದ್ದರೆ ಮಾತ್ರೆಯ ಸ್ಟ್ರಿಪ್ಪನ್ನೇ ತನ್ನಿ.

ರಕ್ತ ತೆಳುವಾಗಿಸುವ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಹಲ್ಲಿನ ಗುಳಿಯ ರಕ್ತವನ್ನು ಒತ್ತಿ ಹಿಡಿದೋ ಹೊಲಿಗೆ ಹಾಕಿಯೋ ನಿಲ್ಲಿಸಬಹುದು. ಮೆದುಳಿನ ನಾಳದಲ್ಲಿ ಹೆಪ್ಪುಗಟ್ಟಿದರೆ ಹಾಗಲ್ಲ. ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆ ತಿನ್ನುವವರು ಹೊಸ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ನೋಡುವ ಪರೀಕ್ಷೆ) ವರದಿ ತರಬೇಕು. ಶುಗರ್ ಇರುವವರು ತಿಂಡಿ ತಿಂದು, ಮಾತ್ರೆ ತಗೊಂಡು, ಬೆಳಿಗ್ಗೆಯೇ ಬನ್ನಿ. ಉಪವಾಸ ಬೇಡ. ಬಿಪಿ 180/110 ದಾಟಿದ್ದರೆ ಸಾಮಾನ್ಯವಾಗಿ ಕೀಳುವುದನ್ನು ಮುಂದೂಡುತ್ತೇವೆ. ಮೂಳೆ ಸವೆತಕ್ಕೆ ವಾರದ ಮಾತ್ರೆಯೋ ವರ್ಷದ ಇಂಜೆಕ್ಷನ್ನೋ ನಡೆಯುತ್ತಿದ್ದರೆ ತಪ್ಪದೆ ಹೇಳಿ. ಅಂಥವರಲ್ಲಿ ಕೆಲವೊಮ್ಮೆ ದವಡೆಯ ಮೂಳೆ ಮಾಯುವುದಿಲ್ಲ. ಹೃದಯದ ಕವಾಟ ಬದಲಿಸಿಕೊಂಡವರು, ಗರ್ಭಿಣಿಯರು, ಯಾವುದಾದರೂ ಮದ್ದಿಗೆ ಮೈ ತುರಿಸಿದವರು ಕೇಳುವ ಮೊದಲೇ ಹೇಳಿಬಿಡಿ.

ಮೂರು ಬೆರಳಿನ ಪರೀಕ್ಷೆ

ತೋರುಬೆರಳು, ನಡುಬೆರಳು, ಉಂಗುರಬೆರಳು ಜೋಡಿಸಿ ಒಂದರ ಮೇಲೊಂದು ಬರುವಂತೆ ಮುಂದಿನ ಹಲ್ಲುಗಳ ನಡುವೆ ಇಡಿ. ಮೂರೂ ಹಿಡಿಯಬೇಕು. ಎರಡೇ ಹಿಡಿಸಿ, ಕೆನ್ನೆಯ ಒಳಗೆ ಬಿಳಿಚಿ ಹಗ್ಗದಂತೆ ಬಿಗಿದಿದ್ದರೆ ಅದು ಹೆಚ್ಚಾಗಿ ಅಡಿಕೆ ಜಗಿದದ್ದರ ಗುರುತು. ಬಾಯಿ ತೆರೆಯದಿದ್ದರೆ ಹಲ್ಲು ಕೀಳುವುದು ಕಷ್ಟ. ಅದಕ್ಕಿಂತ ದೊಡ್ಡ ಚಿಂತೆ, ಇದು ಕ್ಯಾನ್ಸರಿಗೆ ತಿರುಗಬಹುದು. ಅಡಿಕೆಯೇ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದೆ. ನಮ್ಮ ಅಂಗಳದಲ್ಲೂ ಅಡಿಕೆ ಒಣಗುತ್ತದೆ. ಇದನ್ನು ಬರೆಯುವುದು ನನಗೆ ಸುಲಭವಲ್ಲ. ಆದರೂ ಎರಡು ವಾರವಾದರೂ ಮಾಯದ ಹುಣ್ಣನ್ನು ಬಚ್ಚಿಡಬೇಡಿ.

ಕುರ್ಚಿಯಲ್ಲಿ ಕೂತ ಮೇಲೆ

ಈಗ ನೀವು ನಮ್ಮನ್ನು ಪರೀಕ್ಷಿಸಿ. ಕೈ ತೊಳೆದು ಹೊಸ ಗ್ಲೌಸ್ ಹಾಕಬೇಕು. ಅದೇ ಗ್ಲೌಸಿನಲ್ಲಿ ಮೊಬೈಲ್ ಮುಟ್ಟಿದರೆ ‘ಬೇರೆ ಹಾಕಿ ಡಾಕ್ಟ್ರೇ’ ಎನ್ನಲು ಸಂಕೋಚ ಬೇಡ.

ಇಕ್ಕಳ, ಸನ್ನೆಗೋಲುಗಳ ಪೊಟ್ಟಣವನ್ನು ನಿಮ್ಮೆದುರೇ ಬಿಚ್ಚಬೇಕು. ಅದರ ಮೇಲಿನ ಗುರುತು ಬಣ್ಣ ಬದಲಾಗಿದ್ದರೆ ರೋಗಾಣು ಕೊಲ್ಲುವ ಆಟೋಕ್ಲೇವ್ ಯಂತ್ರದ ಬಿಸಿ ತಟ್ಟಿದೆ ಎಂದರ್ಥ. ಬರೀ ಕುದಿಸಿದರೆ ಸಾಲದು. ನೀರು 100 ಡಿಗ್ರಿ ದಾಟುವುದಿಲ್ಲ, ಕೆಲವು ಬ್ಯಾಕ್ಟೀರಿಯಾಗಳ ಬೀಜಾಣು ಆ ಬಿಸಿಯಲ್ಲೂ ಉಳಿಯುತ್ತದೆ. ಆಟೋಕ್ಲೇವ್ ಕೆಲಸ ಮಾಡುವುದು ಕುಕ್ಕರಿನಂತೆ: ಹಬೆಯನ್ನು ಕಟ್ಟಿಹಾಕಿ 15 ಪೌಂಡ್ ಒತ್ತಡದಲ್ಲಿ 121 ಡಿಗ್ರಿಗೇರಿಸಿ 15 ನಿಮಿಷ, ಇಲ್ಲವೇ 134 ಡಿಗ್ರಿಯಲ್ಲಿ 3 ನಿಮಿಷ ಇಡುವುದು.

ಮರಗಟ್ಟಿಸುವ ಇಂಜೆಕ್ಷನ್ನಿಗೆ ಹೊಸ ಸೂಜಿ. ಕೆಲಸ ಮುಗಿದೊಡನೆ ಅದು ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ. ಎಚ್‌ಐವಿ, ಕಾಮಾಲೆ ಇದ್ದವರಿಗೂ ಇಲ್ಲದವರಿಗೂ ಇದೇ ಕ್ರಮ, ಹಾಗಾಗಿ ಮುಚ್ಚಿಡುವ ಅಗತ್ಯವಿಲ್ಲ.

ಒಪ್ಪಿಗೆ ಪತ್ರ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇದ್ದು ಓದಲು ಬಾರದಿದ್ದರೆ, ಕನ್ನಡದಲ್ಲಿ ಹೇಳಿಸಿಕೊಂಡ ಮೇಲೆಯೇ ಸಹಿ ಹಾಕಿ.

ಮನೆಗೆ ಬಂದ ಮೇಲೆ

ಹತ್ತಿಬಟ್ಟೆಯನ್ನು ಅರ್ಧ ಗಂಟೆ ಕಚ್ಚಿ ಹಿಡಿಯಿರಿ. ಉಗುಳಬೇಡಿ, ಎಂಜಲು ನುಂಗಿ. ಉಗುಳಿದರೆ ಗುಳಿಯಲ್ಲಿ ಕಟ್ಟಿದ ಹೆಪ್ಪು ಕಿತ್ತುಬರುತ್ತದೆ. ಎಲೆಯಡಿಕೆ, ಬೀಡಿ ಬೇಡ. ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸುವುದು ಮರುದಿನದಿಂದ. ಮೂರನೇ ದಿನ ನೋವು ಇಳಿಯುವ ಬದಲು ಏರಿದರೆ ಮರಳಿ ಬನ್ನಿ. ಕುತ್ತಿಗೆಯವರೆಗೆ ಬಾತು ನುಂಗಲೋ ಉಸಿರಾಡಲೋ ಕಷ್ಟವಾದರೆ ಬೆಳಗಾಗುವವರೆಗೆ ಕಾಯಬೇಡಿ, ರಾತ್ರಿಯೇ ಆಸ್ಪತ್ರೆಗೆ ಹೋಗಿ. ಚೀಟಿಯೂ ಜೊತೆಗಿರಲಿ.