ಎನ್‌ಲಾರ್ಜರ್ ಹೆಡ್ ಮೇಲೇರುತ್ತಿಲ್ಲವೇ? ಮೋಟರ್ ಬದಲಿಸುವುದು ಹೀಗೆ

ಸ್ವಿಚ್ ಒತ್ತಿದರೆ ಗುಂಯ್ ಎಂಬ ಸದ್ದು ಬರುತ್ತದೆ, ದೀಪ, ಲೆನ್ಸ್ ಹೊತ್ತು ಕಂಬದ ಮೇಲೆ ಏರಿಳಿಯುವ ಹೆಡ್ ಮಾತ್ರ ಇದ್ದಲ್ಲಿಂದ ಅಲುಗುವುದಿಲ್ಲ. ಹಳೆಯ ಸ್ಟುಡಿಯೊದ ಒಳಕೋಣೆಯಲ್ಲೋ ಚಿತ್ರಕಲಾ ಶಾಲೆಯ ಡಾರ್ಕ್‌ರೂಮಿನಲ್ಲೋ ಉಳಿದುಕೊಂಡಿರುವ, ನೆಗೆಟಿವ್ ಹಿಗ್ಗಿಸಿ ಪ್ರಿಂಟ್ ಹಾಕುವ ದೊಡ್ಡ ಎನ್‌ಲಾರ್ಜರ್ ಕೈಕೊಡುವುದು ಹೆಚ್ಚಾಗಿ ಹೀಗೆಯೇ. 35 ಮಿ.ಮೀ. ಫಿಲ್ಮಿನ ಸಣ್ಣ ಯಂತ್ರಗಳಲ್ಲಿ ಹೆಡ್ ಏರಿಸಲು ಕೈಹಿಡಿ ಇರುತ್ತದೆ. ಮೋಟರ್ ಇರುವುದು 4×5 ಇಂಚಿನ ನೆಗೆಟಿವ್ ಹಿಡಿಯುವ ಭಾರದ ಯಂತ್ರಗಳಲ್ಲಿ. ಅವುಗಳಿಗೆ ಕಂಪನಿಯ ಮೋಟರ್ ಹುಡುಕುತ್ತ ಕೂರುವುದಕ್ಕಿಂತ 230 ವೋಲ್ಟಿನ ಸಾಮಾನ್ಯ ಗೇರ್ ಮೋಟರ್ ಕೂರಿಸಿಕೊಳ್ಳುವುದು ಒಳ್ಳೆಯದು. ಒಂದು ಷರತ್ತು: ಹಳೆಯದು ಯಾಕೆ ಸತ್ತಿತೆಂದು ಗೊತ್ತಾಗುವ ತನಕ ಹೊಸದಕ್ಕೆ ದುಡ್ಡು ಕೊಡಬೇಡಿ. ಕಾರಣ ಹಾಗೇ ಉಳಿದರೆ ಹೊಸ ಮೋಟರೂ ಸುಡುತ್ತದೆ.

ಮೋಟರಿನದೇ ತಪ್ಪೇ?

ಈ ಕೆಲಸಕ್ಕೆ ಬಳಸುವುದು ಸಾಮಾನ್ಯವಾಗಿ ಎರಡೂ ದಿಕ್ಕಿಗೆ ತಿರುಗುವ ಕಂಡೆನ್ಸರ್ (ಕೆಪ್ಯಾಸಿಟರ್) ಮೋಟರ್. ಒಳಗೆ ಒಂದೇ ಅಳತೆಯ ಎರಡು ವೈಂಡಿಂಗ್ (ತಂತಿಯ ಸುರುಳಿ), ಹೊರಗೆ ಮೂರು ವೈರು: ಒಂದು ಕಾಮನ್, ಒಂದು ಏರುವುದಕ್ಕೆ, ಒಂದು ಇಳಿಯುವುದಕ್ಕೆ. ಕೊನೆಯ ಎರಡರ ನಡುವೆ ಕಂಡೆನ್ಸರ್.

ಪ್ಲಗ್ ಕಿತ್ತು, ಕಂಡೆನ್ಸರಿನ ಎರಡು ತುದಿಗಳ ನಡುವೆ 10 ಕಿಲೋಓಮ್‌ನ ರೆಸಿಸ್ಟರ್ ಹಿಡಿದು ಅದರ ಚಾರ್ಜ್ ಇಳಿಸಿ. ಆಮೇಲೆ ಒಂದು ತುದಿ ಬಿಡಿಸಿ ಮಲ್ಟಿಮೀಟರಿನಲ್ಲಿ ಅಳೆಯಿರಿ. ಅದರ ಮೈಮೇಲೆ ಬರೆದ ಮೈಕ್ರೋಫ್ಯಾರಡ್‌ಗಿಂತ ಶೇಕಡಾ 10ಕ್ಕೂ ಹೆಚ್ಚು ಇಳಿದಿದ್ದರೆ ಬದಲಿಸಿ. ಸದ್ದು ಬಂದು ತಿರುಗದ ಮೋಟರಿಗೆ ಎಷ್ಟೋ ಸಲ ಇದೊಂದೇ ಔಷಧ.

ಕಂಡೆನ್ಸರ್ ಸರಿಯಿದ್ದರೆ ವೈಂಡಿಂಗ್ ನೋಡಿ. ಕಾಮನ್ ವೈರಿನಿಂದ ಉಳಿದ ಎರಡಕ್ಕೂ ಒಂದೇ ಓಮ್ ತೋರಿಸಬೇಕು. ಆ ಎರಡರ ನಡುವೆ ಅದರ ದುಪ್ಪಟ್ಟು. ಒಂದು ಕಡೆ 400, ಇನ್ನೊಂದು ಕಡೆ 250 ಬಂತೆಂದರೆ ಒಳಗೆ ಸುತ್ತುಗಳು ಒಂದಕ್ಕೊಂದು ಅಂಟಿವೆ, ಮೋಟರ್ ಮುಗಿದಿದೆ. ವೈಂಡಿಂಗ್‌ಗೂ ಲೋಹದ ಕವಚಕ್ಕೂ ನಡುವೆ ಮೀಟರ್ ಏನನ್ನೂ ತೋರಿಸಬಾರದು. ತೋರಿಸಿದರೆ ಕವಚ ಶಾಕ್ ಹೊಡೆಯುತ್ತದೆ. ಒದ್ದೆ ಕೈಯಲ್ಲಿ ಕೆಲಸ ಮಾಡುವ ಕೋಣೆಯಲ್ಲಿ ಅಂಥ ಯಂತ್ರವನ್ನು ಒಂದು ದಿನವೂ ಓಡಿಸಬಾರದು.

ಒಂದೇ ದಿಕ್ಕಿಗೆ ಮಾತ್ರ ಓಡುತ್ತಿದ್ದರೆ ಕಂಬದ ಮೇಲೆ ಕೆಳಗೆ ಇರುವ, ಹೆಡ್ ತುದಿ ಮುಟ್ಟಿದೊಡನೆ ಓಟ ನಿಲ್ಲಿಸುವ ಲಿಮಿಟ್ ಸ್ವಿಚ್‌ಗಳನ್ನು ನೋಡಿ. ದಾಲ್ ಮಿಲ್‌ಗಳ ತೊಗರಿ ಹೊಟ್ಟಿನ ದೂಳು ಗಾಳಿಯಲ್ಲಿ ಹಾರುವ ಊರಿನಲ್ಲಿ ಈ ಪುಟ್ಟ ಸ್ವಿಚ್‌ಗಳ ಗುಂಡಿ ಒಳಗೇ ಸಿಕ್ಕಿಕೊಳ್ಳುವುದು ಹೊಸದೇನಲ್ಲ.

ಇವೆಲ್ಲ ಸರಿಯಿದ್ದರೆ ನೋಡಲು ಉಳಿದಿರುವುದು ಗೇರ್ ಪೆಟ್ಟಿಗೆ. ದಶಕಗಳ ಹಿಂದೆ ತುಂಬಿದ ಗ್ರೀಸ್ ಒಣಗಿ ಮೇಣದಷ್ಟು ಗಟ್ಟಿಯಾಗಿರುತ್ತದೆ. ಮೋಟರ್ ಅದರೊಂದಿಗೆ ಗುದ್ದಾಡಿ ಗುದ್ದಾಡಿ ಸುಟ್ಟುಹೋಗುತ್ತದೆ. ಪೆಟ್ಟಿಗೆ ಬಿಚ್ಚಿ ಹಳೆಯದನ್ನು ಕೆರೆದು, ಅಂಗಳದಲ್ಲಿ ಸೀಮೆಎಣ್ಣೆಯಿಂದ ತೊಳೆದು, ಲಿಥಿಯಂ ಗ್ರೀಸ್ ಅನ್ನು ಹಲ್ಲುಗಳಿಗೆ ತೆಳ್ಳಗೆ ಸವರಿ. ಸ್ಪ್ರೇ ಎಣ್ಣೆಯನ್ನು ಮಾತ್ರ ಎನ್‌ಲಾರ್ಜರ್ ಹತ್ತಿರ ತರಬೇಡಿ. ಅದರ ಹನಿಗಳು ಹೆಡ್ಡಿನೊಳಗೆ ಬೆಳಕು ಕೂಡಿಸುವ ಕಂಡೆನ್ಸರ್ ಲೆನ್ಸ್ ಮೇಲೆ ಕೂತು ಪ್ರಿಂಟಿನಲ್ಲಿ ಮಂಜಾಗಿ ಕಾಣುತ್ತವೆ.

ಹೆಡ್ ಕಟ್ಟಿ, ಆಮೇಲೆ ಸ್ಪ್ಯಾನರ್ ಹಿಡಿಯಿರಿ

ಅತಿ ಅಪಾಯದ ಹಂತ ಇದು. ಹೆಡ್ ಕೆಳಗೆ ಜಾರದಂತೆ ಹಿಡಿದಿರುವುದು ಮೋಟರಿನ ವರ್ಮ್ ಗೇರ್, ಅಂದರೆ ಭಾರಕ್ಕೆ ಹಿಂದಕ್ಕೆ ತಿರುಗದ ಸ್ಕ್ರೂ ಆಕಾರದ ಗೇರ್. ಭಾರವನ್ನು ಹಂಚಿಕೊಂಡು ಮೇಲಕ್ಕೆ ಎಳೆಯುತ್ತಿರುವುದು ಕಂಬದೊಳಗಿನ ಸ್ಪ್ರಿಂಗ್. ಮೋಟರ್ ಬಿಚ್ಚಿದ ಕ್ಷಣ ಈ ಇಬ್ಬರಲ್ಲಿ ಒಬ್ಬ ಇಲ್ಲವಾಗುತ್ತಾನೆ. ಭಾರ ಕಡಿಮೆಯಾಗಲಿ ಎಂದು ದೀಪದ ಗೂಡಾದ ಲ್ಯಾಂಪ್‌ಹೌಸ್ ಮೊದಲೇ ಕಳಚಿಟ್ಟರೆ ಇನ್ನೂ ಕೆಟ್ಟದ್ದು: ಸ್ಪ್ರಿಂಗಿಗೆ ಎದುರು ತೂಕವೇ ಇಲ್ಲದೆ ಹೆಡ್ಡನ್ನು ಹೊರುವ ಗಾಡಿ ಬಾಣದಂತೆ ಮೇಲಕ್ಕೆ ಹಾರುತ್ತದೆ, ಬೆರಳು ನಡುವೆ ಇದ್ದರೆ ಮೂಳೆ ಮುರಿಯುತ್ತದೆ.

ಹಾಗಾಗಿ ಲ್ಯಾಂಪ್‌ಹೌಸ್ ಅಲ್ಲೇ ಇರಲಿ. ಲೆನ್ಸ್, ನೆಗೆಟಿವ್ ಕ್ಯಾರಿಯರ್, ಬಲ್ಬು ಮಾತ್ರ ತೆಗೆದಿಡಿ. ಗಾಡಿಗೆ ಮೇಲೊಂದು ಕೆಳಗೊಂದು ಸಿ-ಕ್ಲ್ಯಾಂಪ್ ಅನ್ನು ಕಂಬಕ್ಕೆ ಬಿಗಿಯಿರಿ. ಕ್ಲ್ಯಾಂಪಿಗೂ ಕಂಬಕ್ಕೂ ನಡುವೆ ರಟ್ಟು ಇಡಿ. ಗಾಡಿಯ ಕೆಳಗೆ ಕಟ್ಟಿಗೆಯ ತುಂಡೂ ಇರಲಿ. ವೈರುಗಳ ಫೋಟೊ ಹೊಡೆದು, ಒಂದೊಂದಕ್ಕೂ ಟೇಪಿನ ಚೀಟಿ ಅಂಟಿಸಿ, ಆಮೇಲೆ ಬಿಚ್ಚಿ.

ಅಮೆರಿಕದ ಯಂತ್ರವಾದರೆ ಸ್ಕ್ರೂಗಳೆಲ್ಲ ಇಂಚಿನವು. ಪಿನಿಯನ್ (ಮೋಟರ್ ಶಾಫ್ಟಿನ ಪುಟ್ಟ ಹಲ್ಲುಚಕ್ರ) ಹಿಡಿದಿರುವ ತಲೆಯಿಲ್ಲದ ಗ್ರಬ್ ಸ್ಕ್ರೂಗೆ 3/32 ಇಂಚಿನ ಅಲೆನ್ ಕೀ ಬೇಕಿದ್ದರೆ ಅದು 2.38 ಮಿ.ಮೀ. ನಮ್ಮ ಸೆಟ್ಟಿನ 2.5 ಒಳಗೇ ಹೋಗುವುದಿಲ್ಲ, 2 ಹಾಕಿದರೆ ಮೂಲೆ ಸವೆದು ಸ್ಕ್ರೂ ಕೆಡುತ್ತದೆ. ಇಂಚಿನ ಸೆಟ್ ಒಂದನ್ನು ಕೊಂಡುಬಿಡಿ.

ಎಷ್ಟು ಶಕ್ತಿಯ ಮೋಟರ್?

ಪಿನಿಯನ್ ಬಿಡಿಸಿದ ಮೇಲೆ ಇಬ್ಬರು ನಿಂತು ಒಂದು ಅಳತೆ ತೆಗೆಯಿರಿ. ಲಗೇಜ್ ತೂಗುವ ಹುಕ್ಕಿನ ತಕ್ಕಡಿಯನ್ನು ಗಾಡಿಗೆ ಸಿಕ್ಕಿಸಿ, ಒಬ್ಬರು ಕೆಳಗಿನಿಂದ ಎರಡೂ ಕೈಯಲ್ಲಿ ಹೆಡ್ ಹಿಡಿದಿರಲಿ, ಕ್ಲ್ಯಾಂಪ್ ಸಡಿಲಿಸಿ ನಿಧಾನವಾಗಿ ಮೇಲೆಳೆಯಿರಿ. 4 ಕಿಲೊ ತೋರಿಸಿತು ಎನ್ನೋಣ. ಪಿನಿಯನ್ ವ್ಯಾಸ 30 ಮಿ.ಮೀ. ಆದರೆ ತ್ರಿಜ್ಯ 1.5 ಸೆಂ.ಮೀ.; 4 × 1.5, ಅಂದರೆ 6 ಕೆ.ಜಿ. ಸೆಂ.ಮೀ. ಟಾರ್ಕ್ (ತಿರುಗಿಸುವ ಬಲ). ಹೊರಡುವಾಗಿನ ಘರ್ಷಣೆಗೆಂದು ಅದನ್ನು ದುಪ್ಪಟ್ಟು ಮಾಡಿ 12ರಿಂದ 15 ಕೆ.ಜಿ. ಸೆಂ.ಮೀ. ಕೇಳಿ.

ಆದರೆ ತಕ್ಕಡಿ 7–8 ಕಿಲೊ ತೋರಿಸಿದರೆ ದೊಡ್ಡ ಮೋಟರ್ ಹುಡುಕಬೇಡಿ. ಸ್ಪ್ರಿಂಗ್ ಸೋತಿದೆ, ಇಲ್ಲವೇ ಗಾಡಿಯ ರೋಲರ್‌ಗಳಲ್ಲಿ ಕೊಳೆ ಸೇರಿದೆ. ಹಳೆಯ ಮೋಟರ್ ಸತ್ತಿದ್ದು ಇದರಿಂದಲೇ. ರೋಲರ್ ಒರೆಸಿ, ಬೇರಿಂಗ್ ತಿರುಗಿಸಿ ನೋಡಿ, ಮತ್ತೆ ತೂಗಿ.

ವೇಗ ನಿಮಿಷಕ್ಕೆ 15 ಸುತ್ತು ಸಾಕು. 30 ಮಿ.ಮೀ. ಪಿನಿಯನ್ ಒಂದು ಸುತ್ತಿಗೆ ಸುಮಾರು 94 ಮಿ.ಮೀ. ಏರಿಸುತ್ತದೆ, 90 ಸೆಂ.ಮೀ. ಕಂಬ ಮುಗಿಯಲು 40 ಸೆಕೆಂಡಿಗಿಂತ ಸ್ವಲ್ಪ ಕಡಿಮೆ. ಇದಕ್ಕಿಂತ ಜೋರಾದರೆ ಫ್ರೇಮ್ ಹೊಂದಿಸುವಾಗ ಬೇಕಾದ ಕಡೆ ನಿಲ್ಲಿಸಲು ಆಗುವುದಿಲ್ಲ. ವರ್ಮ್ ಗೇರ್ ಇರುವ ಮೋಟರನ್ನೇ ಕೇಳಿ ಪಡೆಯಿರಿ, ಅಥವಾ ಬ್ರೇಕ್ ಇರಲಿ. ಸಾದಾ ಹಲ್ಲಿನ ಗೇರ್ ಕರೆಂಟ್ ಹೋದಾಗ ಹೆಡ್ಡಿನ ಭಾರಕ್ಕೆ ಹಿಂದಕ್ಕೆ ತಿರುಗಿಬಿಡಬಹುದು. ಗುಜರಿಯ ಕಾರ್ ವೈಪರ್ ಮೋಟರಿಗೂ ವರ್ಮ್ ಇದೆ, ಅಗ್ಗವೂ ಹೌದು. ಆದರೆ ಅದರ ವೇಗ ಇಲ್ಲಿಗೆ ಹೆಚ್ಚು, ಬ್ರಷ್‌ನ ಕಿಡಿ ಕತ್ತಲೆಕೋಣೆಗೆ ಒಳ್ಳೆಯದಲ್ಲ; ನಮ್ಮ ಸಲಹೆ ಬೇಡ ಎಂದೇ.

ಹಳೆಯ ಮೋಟರ್ 120 ವೋಲ್ಟ್, 60 ಹರ್ಟ್ಸ್‌ನದಾಗಿದ್ದರೆ ಅದನ್ನು ಸುಟ್ಟಿದ್ದು ನಮ್ಮ ಲೈನೇ ಇರಬಹುದು. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, 50 ಹರ್ಟ್ಸ್ ಅನ್ನು 60 ಮಾಡುವುದಿಲ್ಲ. 50 ಹರ್ಟ್ಸ್‌ನಲ್ಲಿ ಆ ಮೋಟರಿಗೆ 100 ವೋಲ್ಟ್ ಸಾಕು; 120 ಕೊಟ್ಟರೆ ಅದರ ಕಬ್ಬಿಣದ ಕೋರ್‌ನಲ್ಲಿ ಕಾಂತೀಯತೆ ಮಿತಿ ಮೀರಿ ಬಿಸಿಯಾಗುತ್ತದೆ. ಸಾಮಾನ್ಯ ಮೋಟರ್‌ಗಳನ್ನು 40 ಡಿಗ್ರಿ ಸುತ್ತಲ ಉಷ್ಣಕ್ಕೆ ಲೆಕ್ಕ ಹಾಕಿ ಮಾಡಿರುತ್ತಾರೆ. ಏಪ್ರಿಲ್, ಮೇನಲ್ಲಿ ಕಲಬುರಗಿಯ ಬಿಸಿಲು 42 ದಾಟುತ್ತದೆ, ಕಿಟಕಿ ಮುಚ್ಚಿದ ಡಾರ್ಕ್‌ರೂಮ್ ಒಳಗಿನ ಮಾತು ಬೇಡ. ಹೊಸದು 230 ವೋಲ್ಟ್, 50 ಹರ್ಟ್ಸ್‌ನದೇ ಆಗಿರಲಿ.

ಹಳೆಯ ಕಂಡೆನ್ಸರ್ ಹೊಸ ಮೋಟರಿಗೆ ಹಾಕಬೇಡಿ. 115 ವೋಲ್ಟಿನ ಮೋಟರಿಗೆ 8 ಮೈಕ್ರೋಫ್ಯಾರಡ್ ಬೇಕಿದ್ದರೆ ಅದೇ ಶಕ್ತಿಯ 230 ವೋಲ್ಟಿನದಕ್ಕೆ ಸುಮಾರು 2 ಸಾಕು. ಮೋಟರಿನ ಪಟ್ಟಿಯಲ್ಲಿ ಬರೆದಷ್ಟೇ ಹಾಕಿ, 440 ವೋಲ್ಟ್ ಎ.ಸಿ.ಯದು. ಸೀಲಿಂಗ್ ಫ್ಯಾನಿನ 2.5 ಕೈಗೆ ಸಿಕ್ಕಿತೆಂದು ಸಿಕ್ಕಿಸಬಾರದು.

ಇಂಥ ಮೋಟರಿಗೆ ಬೀದರ್, ಕಲಬುರಗಿಯವರಿಗೆ ಹತ್ತಿರದ ದೊಡ್ಡ ಪೇಟೆ ಹೈದರಾಬಾದಿನ ಕೋಠಿ, ಟ್ರೂಪ್ ಬಜಾರ್. ಹಳೆಯದನ್ನೇ ಸುತ್ತಿಸುವುದಾದರೆ ಪಂಪ್‌ಸೆಟ್ ಸುತ್ತುವವರಿಗಿಂತ ಫ್ಯಾನ್ ಸುತ್ತುವವರಿಗೆ ಕೊಡಿ. ಕೂದಲೆಳೆಯಂಥ ತಂತಿ ಅವರ ಕೈಗೆ ಒಗ್ಗಿರುತ್ತದೆ.

ಕೂರಿಸುವುದು

ಹೊಸ ಶಾಫ್ಟ್ 8 ಮಿ.ಮೀ. ಇದ್ದು, ಹಳೆಯ ಪಿನಿಯನ್ ರಂಧ್ರ 3/8 ಇಂಚು, ಅಂದರೆ 9.53 ಮಿ.ಮೀ. ಇದ್ದರೆ ನಡುವೆ ಹಿತ್ತಾಳೆಯ ಬುಷ್ ಬೇಕು. ಕಲಬುರಗಿಯ ಕಪನೂರ ಇಂಡಸ್ಟ್ರಿಯಲ್ ಏರಿಯಾದಂಥ ಕಡೆ ಲೇತ್ ಇಟ್ಟವರಿಗೆ ಪಿನಿಯನ್, ಮೋಟರ್ ಎರಡನ್ನೂ ಒಯ್ದು ಕೊಡಿ. ಬರೀ ಅಳತೆ ಬರೆದು ಕೊಡಬೇಡಿ. ಬುಷ್ ಸಡಿಲವಾದರೆ ಪಿನಿಯನ್ ಓಲಾಡಿ ಹಲ್ಲು ತಿನ್ನುತ್ತದೆ. ಮೋಟರ್ ಕೂರಿಸಲು 5 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಪಟ್ಟಿಯಲ್ಲಿ ಉದ್ದ ಸೀಳಿನ ರಂಧ್ರ ಕೊರೆಸಿ, ಹಿಂದೆ ಮುಂದೆ ಸರಿಸಲು ಬರಲಿ.

ಪಿನಿಯನ್ ಹಲ್ಲಿಗೂ ಕಂಬದುದ್ದದ ಹಲ್ಲುಪಟ್ಟಿಯಾದ ರ‍್ಯಾಕ್ ಹಲ್ಲಿಗೂ ಎಷ್ಟು ಸಂದು ಬಿಡಬೇಕು? ಈ ಪುರವಣಿಯ ಹಾಳೆಯಿಂದಲೇ ಬೆರಳಗಲದ ಒಂದು ಪಟ್ಟಿ ಹರಿದುಕೊಳ್ಳಿ. ಹಲ್ಲುಗಳ ನಡುವೆ ಅದನ್ನಿಟ್ಟು ಮೋಟರನ್ನು ಒತ್ತಿ ಹಿಡಿದು ಬೋಲ್ಟ್ ಬಿಗಿಯಿರಿ, ಪಿನಿಯನ್ ತಿರುಗಿಸಿ ಪಟ್ಟಿ ಹೊರತೆಗೆಯಿರಿ. ಕಾಗದದ ಮೇಲೆ ಹಲ್ಲಿನ ಮಡಿಕೆ ಸ್ಪಷ್ಟವಾಗಿ ಮೂಡಿರಬೇಕು, ಹರಿದಿರಬಾರದು. ಹರಿದಿದ್ದರೆ ಬಿಗಿ ಹೆಚ್ಚು. ಮಡಿಕೆಯೇ ಇಲ್ಲದಿದ್ದರೆ ಸಡಿಲ; ಹೆಡ್ ನಿಂತ ಮೇಲೂ ಕೂದಲೆಳೆಯಷ್ಟು ಕುಸಿದು ಪ್ರಿಂಟ್ ಮಸುಕಾಗುತ್ತದೆ. ಕಂಬದ ಕೆಳಗೆ, ನಡುವೆ, ಮೇಲೆ ಮೂರೂ ಕಡೆ ಈ ಪರೀಕ್ಷೆ ಮಾಡಿ.

ವೈರಿಂಗ್‌ನಲ್ಲಿ ಜನ ಎಡವುವುದು ಲಿಮಿಟ್ ಸ್ವಿಚ್ ಜಾಗದಲ್ಲಿ. ಅದು ಏರು-ಇಳಿ ಸ್ವಿಚ್ಚಿಗೂ ಕಂಡೆನ್ಸರ್ ಸೇರುವ ಕೂಡಿಗೂ ನಡುವೆ ಇರಬೇಕು. ಕೂಡಿನ ಆಚೆ, ವೈಂಡಿಂಗ್ ಕಡೆ ಹಾಕಿದರೆ ಸ್ವಿಚ್ ಕಡಿದ ಮೇಲೂ ಕಂಡೆನ್ಸರ್ ಮೂಲಕ ಇನ್ನೊಂದು ವೈಂಡಿಂಗಿಗೆ ಕರೆಂಟ್ ಹರಿಯುತ್ತಲೇ ಇರುತ್ತದೆ. ಏರು-ಇಳಿ ಸ್ವಿಚ್ ನಡುವೆ ಆಫ್ ಇರುವ, ಕೈ ಬಿಟ್ಟೊಡನೆ ಆಫ್‌ಗೆ ಮರಳುವ ಬಗೆಯದಾಗಿರಲಿ. ಒಂದು ದಿಕ್ಕಿಗೆ ಓಡುವಾಗ ಸುಮ್ಮನಿರುವ ಇನ್ನೊಂದು ವೈರಿನಲ್ಲಿ 230ಕ್ಕಿಂತಲೂ ಹೆಚ್ಚು ವೋಲ್ಟೇಜ್ ಇರುತ್ತದೆ. ಬರೀ ಟೇಪ್ ಸುತ್ತಿ ಬಿಡದೆ ಸ್ಲೀವ್ ಹಾಕಿ. ಎರಡು ಪಿನ್ನಿನ ಹಳೆಯ ಪ್ಲಗ್ ಕತ್ತರಿಸಿ ಮೂರು ಪಿನ್ನಿನದು ಹಾಕಿ, ಅರ್ತ್ ವೈರನ್ನು ಮೋಟರ್ ಕವಚಕ್ಕೂ ಕಂಬಕ್ಕೂ ಬಿಗಿಯಿರಿ. ಡಾರ್ಕ್‌ರೂಮ್ ಲೈನಿಗೆ 30 ಮಿಲಿಆ್ಯಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದೊಡನೆ ಲೈನ್ ಕಡಿಯುವ ಸ್ವಿಚ್) ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ ಮೊದಲು ಅದನ್ನು ಹಾಕಿಸಿ.

ಓಡಿಸಿ ನೋಡುವುದು

ಕ್ಲ್ಯಾಂಪ್‌ಗಳನ್ನು ತೆಗೆಯಿರಿ, ಕಟ್ಟಿಗೆ ತುಂಡು ಇನ್ನೂ ಇರಲಿ. ಮೊದಲು ಒಂದೊಂದು ಸೆಕೆಂಡ್ ಮಾತ್ರ ಏರಿಸಿ. ಏರುವ ಬದಲು ಇಳಿದರೆ ಎರಡು ದಿಕ್ಕಿನ ವೈರುಗಳನ್ನು ಅದಲುಬದಲು ಮಾಡಿ. ಕೈಯಿಂದ ಲಿಮಿಟ್ ಸ್ವಿಚ್ ಒತ್ತಿದರೆ ಆ ದಿಕ್ಕಿನ ಓಟ ತಕ್ಷಣ ನಿಲ್ಲಬೇಕು. ದಿಕ್ಕು ಬದಲಿಸುವಾಗ ಪೂರ್ತಿ ನಿಂತ ಮೇಲೆ ಒತ್ತುವ ಅಭ್ಯಾಸ ಇರಲಿ. ಓಡುತ್ತಿರುವಾಗಲೇ ತಿರುಗಿಸಿದರೆ ಈ ಬಗೆಯ ಮೋಟರ್ ಒಮ್ಮೊಮ್ಮೆ ಹಳೆಯ ದಿಕ್ಕಿಗೇ ಓಡುತ್ತದೆ.

ಐದಾರು ಸಲ ಮೇಲೆ ಕೆಳಗೆ ಓಡಿಸಿ, ಪ್ಲಗ್ ಕಿತ್ತು ಕವಚ ಮುಟ್ಟಿ. ಬೆಚ್ಚಗಿದ್ದರೆ ಸರಿ, ಕೈಯಿಡಲು ಆಗದಷ್ಟು ಸುಟ್ಟರೆ ಗಾಡಿಯ ಬಿಗಿತವನ್ನು ಮತ್ತೆ ನೋಡಬೇಕು.

ಮೋಟರ್ ಬದಲಾದ ಮೇಲೆ ಹೆಡ್ಡಿನ ಮಟ್ಟವೂ ತಪ್ಪಿರುತ್ತದೆ. ಬೇಸ್‌ಬೋರ್ಡ್, ನೆಗೆಟಿವ್ ಸ್ಟೇಜ್, ಲೆನ್ಸ್ ಬೋರ್ಡ್ ಮೂರರ ಮೇಲೂ ಒಂದೇ ಸ್ಪಿರಿಟ್ ಲೆವೆಲ್ ಇಟ್ಟು, ಮೂರೂ ಕಡೆ ಗುಳ್ಳೆ ಒಂದೇ ಜಾಗದಲ್ಲಿ ನಿಲ್ಲುವಂತೆ ಸರಿಪಡಿಸಿ. ಕಟ್ಟಿಗೆಯ ಮೇಜು ಅಲುಗಾಡುತ್ತಿದ್ದರೆ ಬೇಸ್‌ಬೋರ್ಡ್ ಕೆಳಗೆ ದಪ್ಪನೆಯ ಶಹಾಬಾದ್ ಪರ್ಸಿ ಕಲ್ಲು ಹಾಸಿ. ಅದರ ತೂಕಕ್ಕೆ ಅದುರು ಇಳಿಯುತ್ತದೆ. ಕೊನೆಗೆ ಒಂದು ನೆಗೆಟಿವ್ ಹಾಕಿ, ಫಿಲ್ಮಿನ ಕಣಗಳನ್ನು ಹಿಗ್ಗಿಸಿ ತೋರಿಸುವ ಗ್ರೇನ್ ಫೋಕಸರ್‌ನಲ್ಲಿ ನಾಲ್ಕೂ ಮೂಲೆ ನೋಡಿ. ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿದಾಗ ಗ್ರೇನ್ ಅಷ್ಟೇ ಚೂಪಾಗಿದ್ದರೆ ಹೆಡ್ ಜಾರುತ್ತಿಲ್ಲ, ಪ್ರಿಂಟ್ ಹಾಕಬಹುದು.